ಓಡದ ಮಿದುಳು ಹೊತ್ತು ಬರ್ಗೆನ್ನಿಗೆ

ಮಕ್ತಲ್

ಫಾರಿನ್ನಿಗೆ ಹೋಗೋರು ನಕ್ಕೋಂತ ಹೋಗ್ತಾರ. ಹಾರ ಹಾಕಿಸ್ಕೋತಾರ, ಫೋಟೋ ಹೊಡಿಸ್ಕೋತಾರ. ನಾ ಬೈಕೊಂತ ಹೋದಾಕಿ. ಮಕ್ತಲ್ ಬಸ್ ಸ್ಟ್ಯಾಂಡಿನಾಗ ನಿಂತು ಒಬ್ಬ ಮನಿಷ್ಯಾಗ ಬಾಯಿಗೆ ಬಂದಂಗ ಬೈಯಾಕತ್ತಿದ್ದೆ. ಆ ಮನಿಷ್ಯಾ ಅಲ್ಲಿ ಇದ್ದಿದ್ದೇ ಇಲ್ಲ, ಸಮುದ್ರದ ಆಚೆ ಎಲ್ಲೋ ತಣ್ಣಗ ಕುಂತಿದ್ದ. ನಮ್ಮ ಮನಿಯವ್ರು ಬ್ಯಾಗು ಹಿಡಕೊಂಡು ಆ ಕಡೆ ಈ ಕಡೆ ನೋಡಿ, "ಸಾವಕಾಶ ಮಾತಾಡ ಗಿರಿಜಾ, ಜನ ನನಗ ಬೈಯಾಕತ್ತೀ ಅಂತ ತಿಳ್ಕೋತಾರ" ಅಂದ್ರು.

ಸಿಟ್ಟಿನ ಕಾರಣ ಹೇಳಿಬಿಡ್ತೀನಿ. ನಾ ತೆಲುಗು ಸೀಮ್ಯಾಗಿನ ನಾರಾಯಣಪೇಟದ ಡಿಗ್ರಿ ಕಾಲೇಜಿನಾಗ ಫಿಸಿಕ್ಸ್ ಹೇಳಾಕಿ. ದಿನಾ ಮಕ್ತಲಿನಿಂದ ಬಸ್ಸಿಗೆ ಹೋಗಿ ಬರ್ತೀನಿ. ನೌಕರಿ ಜೋಡಿ ಪಿಎಚ್‌ಡಿ ಮಾಡಾಕತ್ತಿದ್ದೆ. ಫಿಟ್ಸ್ ಬರೂವಾಗ ಮಿದುಳಿನ ನರಕೋಶಗಳು ಒಮ್ಮೆಲೆ ಒಂದ ತಾಳಕ್ಕ ಬಡಕೊಳ್ಳಾಕ ಹತ್ತತಾವ. ಯಾಕ ಹಂಗಾಕ್ಕೈತಿ ಅನ್ನೂದು ನನ್ನ ವಿಷಯ. ಇದಕ್ಕ ಯಾರ ತಲಿನೂ ಕೊಯ್ಯಬೇಕಾಗಿಲ್ಲ. ಒಂದೊಂದು ನರಕೋಶನ್ನ ಲೆಕ್ಕದ ಸಮೀಕರಣ ಮಾಡಿ ಕಂಪ್ಯೂಟರಿನಾಗ ಇಟ್ರ, ಅದು ಖರೇ ನರಕೋಶದಂಗ ಬಡಕೋತೈತಿ. ಇದಕ್ಕ ಮಾಡಲ್ ಅಂತಾರ. ಒಬ್ಬರು ಮಾಡಿದ ಮಾಡಲ್ಲನ್ನ ಇನ್ನೊಬ್ಬರು ಮೊದಲಿಂದ ಮಾಡೂದು ಬ್ಯಾಡ ಅಂತ, ಇಂಟರ್ನೆಟ್ಟಿನಾಗ ಡೇಟಾಬೇಸ್ ಅದಾವ. ಮಾಡಿದವರು ಅಲ್ಲಿ ಇಡ್ತಾರ, ಬೇಕಾದವರು ಇಳಿಸಿಕೊಂಡು ಓಡಿಸ್ತಾರ. ನಮ್ಮ ಓಣ್ಯಾಗ ಹೆಪ್ಪಿಗೆ ಮಜ್ಜಿಗಿ ಕೊಟ್ಟು ತಗೊಂಡಂಗ. ಭಾಳ ಛಲೋ ಪದ್ಧತಿ. ಕಾಗದದ ಮ್ಯಾಲ.

ಮಾರ್ಟಿನ್ ಅನ್ನೂ ದೊಡ್ಡ ಪ್ರೊಫೆಸರ್ ಒಬ್ಬರು ಹಿಂತಾದ್ದೊಂದು ಮಾಡಲ್ ಮಾಡಿ, ಅದರ ಮ್ಯಾಲ ಪೇಪರ್ ಬರದು, ಕೊನಿಗೆ "ಎಲ್ಲಾ ಫೈಲು ಡೇಟಾಬೇಸಿನಾಗ ಇಟ್ಟೀವಿ, ಯಾರು ಬೇಕಾದ್ರೂ ಓಡಿಸಿ ನೋಡಬಹುದು" ಅಂತ ಹಚ್ಚಿದ್ರು. ನಾ ನಂಬಿದೆ. ನನ್ನ ಥೀಸಿಸ್ಸು ಪೂರ್ತಿ ಅದರ ಮ್ಯಾಲ ಕಟ್ಟಿದೆ. ಇಳಿಸಿಕೊಂಡು ಓಡಿಸಿದ್ರ ಪೇಪರಿನಾಗಿನ ಮುಖ್ಯ ಚಿತ್ರ ಬರವಲ್ದು! ಅವರ ಚಿತ್ರದಾಗ ನರಕೋಶಗಳು ಕೂಡಿ ತಾಳ ಹಾಕಾಕತ್ತಾವ, ನನ್ನ ಕಂಪ್ಯೂಟರಿನಾಗ ಎರಡು ಸಲ ತೂಕಡಿಸಿ ಮಲಕ್ಕೋತಾವ. ಅವರಿಗೆ ಮೇಲ್ ಬರದೆ, ಡೇಟಾಬೇಸ್ ನೋಡಿಕೊಳ್ಳೋರಿಗೂ ಒಂದು ನಕಲು ಕಳಿಸಿದೆ. ಜವಾಬಿಲ್ಲ. ಮತ್ತ ಬರದೆ, ಮತ್ತ ಬರದೆ. ಕಡೀಕ ಅವರ ಲ್ಯಾಬಿನಿಂದ ಒಂದು ಸಾಲು ಬಂತು: "ನಮ್ಮಲ್ಲಿ ಓಡ್ತೈತಿ. ನಿಮ್ಮ ಕಂಪ್ಯೂಟರ್ ನೋಡ್ಕೋರಿ." ಓದಿ ಮೈಯೆಲ್ಲಾ ಉರೀತು. ನಮ್ಮಲ್ಲಿ ಓಡ್ತೈತಿ ಅಂದ್ರ ಏನರ್ಥ? ನಿಮ್ಮ ಮನ್ಯಾಗ ಅಷ್ಟ ಓಡೂದಾದ್ರ ನಮಗ ಯಾಕ ಹಂಚಿದ್ರಿ?

ಇತ್ತ ಪಿಎಚ್‌ಡಿ ಮುದ್ದತ್ತು ಆ ಬ್ಯಾಸಗಿಗೆ ಮುಗಿತಿತ್ತು. ಆ ಚಿತ್ರ ಬರದ ಹೊರತು ನಮ್ಮ ಗೈಡ್ ಸಾಹೇಬ್ರು ಸಹಿ ಹಾಕಂಗಿಲ್ಲ ಅಂತ ಕುಂತಿದ್ರು. ಸಹಿ ಇಲ್ಲಂದ್ರ ಥೀಸಿಸ್ ಇಲ್ಲ. ಇಷ್ಟು ವರ್ಷ ಬಸ್ಸಿನಾಗ, ಅಡಗಿ ಮನ್ಯಾಗ, ಸ್ಟಾಫ್ ರೂಮಿನಾಗ ಕುಂತು ಮಾಡಿದ್ದೆಲ್ಲಾ ಮಣ್ಣಾಗ ಹೋದಂಗ.

ಗದ್ವಾಲ

ಹೋಗೂಕಿಂತ ಮೊದಲು ಗೈಡ್ ಸಾಹೇಬ್ರಿಗೆ ಹೇಳಿ ಬರಾಕ ಗದ್ವಾಲಕ್ಕ ಹೋದೆ. ಅವರು ರಿಟೈರ್ ಆಗಿ ಅಲ್ಲೇ ಸ್ವಂತ ಮನ್ಯಾಗ ಅದಾರ. ಮಂತ್ರಾಲಯದ ಕಡೆ ಸಂಬಂಧದ ಮನಿತನ, ಮಾತು ಭಾಳ ಮೃದು. ಅಂಗಳದ ತಂತಿ ಮ್ಯಾಲ ಮಡಿ ಪಂಚೆ ಒಣಗ ಹಾಕಿದ್ರು. ಅದಕ್ಕ ತಾಗದಂಗ ಬಗ್ಗಿ ಒಳಗ ಹೋದೆ. ಮಾರ್ಟಿನ್ ಸಾಹೇಬ್ರ ಮಾಡಲ್ಲನ್ನೂ ನಾ ಬರೋಬ್ಬರಿ ಹಂಗ ನೋಡಿಕೊಂಡಿದ್ದೆ, ಯಾಕಂದ್ರ ಗೈಡ್ ಸಾಹೇಬ್ರ ಹುಕುಂ ಹಂಗಿತ್ತು.

"ಒಂದು ಅಕ್ಷರ ಮುಟ್ಟಬ್ಯಾಡ. ಅವರು ಕೊಟ್ಟಂಗ ಓಡಿಸು. ನೀ ಕೈ ಹಚ್ಚಿದಿ ಅಂದ್ರ ಅದು ಅವರ ಮಾಡಲ್ ಆಗೂದಿಲ್ಲ, ನಿನ್ನದಾಗ್ತದ" ಅಂತ ಮೊದಲಿಂದ ಹೇಳಿದ್ರು. ಈ ವಿದ್ಯಾದಾಗ ಅದು ಖರೇನ ಕಾಯ್ದೆ. ಮೊದಲು ಇದ್ದದ್ದನ್ನ ಇದ್ದಂಗ ಓಡಿಸಬೇಕು, ಆಮ್ಯಾಲ ತಿದ್ದೂದು.

"ಮುಟ್ಟಿಲ್ರಿ ಸರ್. ಕೊಟ್ಟಂಗ ಓಡಿಸಿದ್ರ ಓಡವಲ್ದು. ತಪ್ಪು ಅವರ ಫೈಲಿನಾಗ ಐತ್ರಿ" ಅಂದೆ.

ಅವರು ನಕ್ಕರು. "ಅಲ್ಲಮ್ಮಾ, ಅಷ್ಟು ದೊಡ್ಡ ಮನುಷ್ಯ. ಜಗತ್ತೆಲ್ಲಾ ಓದಿದ ಪೇಪರು. ಅವರು ತಪ್ಪು ಇಡ್ತಾರ ಅಂದ್ರ ಯಾರು ನಂಬಬೇಕು? ನೀನೇ ಎಲ್ಲೋ ಕೈ ಆಡಿಸಿರ್ತಿ, ನಿನಗೇ ಗೊತ್ತಿಲ್ಲದ."

"ನೀವ ಒಮ್ಮೆ ಓಡಿಸಿ ನೋಡ್ರಿ ಸರ್."

"ನಂದೇನದ ಅದರಾಗ? ಓಡಿಸಬೇಕಾದಾಕಿ ನೀನು."

ಅಷ್ಟರಾಗ ಡೇಟಾಬೇಸ್ ನೋಡಿಕೊಳ್ಳೋರಿಂದ ಕರಿ ಬಂದಿತ್ತು. ನಾರ್ವೆ ದೇಶದ ಬರ್ಗೆನ್ ಅನ್ನೂ ಊರಾಗ ಒಂದು ವಾರ ಮಾಡಲ್ ಮಾಡಿದವರನ್ನೂ ಓಡಿಸಿ ಸೋತವರನ್ನೂ ಒಂದ ಕಡೆ ಕೂಡ್ರಿಸ್ತೀವಿ, ನೀವು ಭಾಳ ತಕರಾರು ಬರದೀರಿ, ಬರ್ರಿ ಅಂತ. ಹೋಗಿ ಬರೂ ವ್ಯವಸ್ಥೆ ಪೂರಾ ಅವರದ. ಅದನ್ನ ಹೇಳಿದ ಕೂಡ್ಲೆ ಗೈಡ್ ಸಾಹೇಬ್ರು, "ಛಲೋ ಆತು, ಹೋಗಿ ಬಾ, ಅವರ ಹತ್ರ ಕಲತು ಬಾ" ಅಂದ್ರು. ಕಲತು ಬಾ! ನಾ ಕಲಿಯಾಕ ಹೊಂಟಾಕಿ ಅಲ್ಲ, ಕೇಳಾಕ ಹೊಂಟಾಕಿ. ಆದ್ರ ಅವರ ಮನಿ ಕಾಫಿ ಕುಡಕೊಂತ ಅದನ್ನ ಹೆಂಗ ಅನ್ನೂದು?

ಕಾಲೇಜಿನಾಗೂ ಅದ ಕಥಿ. ನಮ್ಮ ಪ್ರಿನ್ಸಿಪಾಲರು ರಜಾಕ್ಕ ಸಹಿ ಹಾಕಿಕೊಂತ, "ಏಂ ಮೇಡಂ, ಬ್ರೇನ್ ಪಟ್ಟುಕೊನಿ ಫಾರಿನ್ ಪೋತುನ್ನಾರಾ?" ಅಂತ ತೆಲುಗಿನಾಗ ಚಾಷ್ಟಿ ಮಾಡಿದ್ರು. ಸ್ಟಾಫ್ ರೂಮಿನಾಗ ಎಲ್ಲಾರೂ ಹಲ್ಲು ಕಿಸದ್ರು. ಹೌದು, ಬ್ರೇನ್ ಹಿಡಕೊಂಡ ಹೊಂಟೀನಿ, ನಿಮಗೇನು ಬಂತು ಅಂತ ಮನಸಿನಾಗ ಅಂದುಕೊಂಡೆ.

ಬರ್ಗೆನ್ನಿನ ಟ್ರಾಮು

ನಾರ್ವೆಗೆ ಕಾಲಿಟ್ಟಲ್ಲಿ ಪಾಸ್‌ಪೋರ್ಟ್ ನೋಡೂ ಮನಿಷ್ಯಾ ಕೇಳಿದ, ಯಾಕ ಬಂದೀರಿ. (ಅವರೆಲ್ಲಾ ಇಂಗ್ಲಿಷಿನಾಗ ಅಂದದ್ದನ್ನ ನಾ ನಮ್ಮ ಮಾತಿನಾಗ ಹೇಳಾಕತ್ತೀನಿ.)

"ಮಿದುಳಿನ ಮಾಡಲ್ ಸಂಬಂಧ."

ಆತ ನನ್ನ ಬ್ಯಾಗಿನ ಕಡೆ ನೋಡಿದ. "ಬ್ಯಾಗಿನಾಗ ಐತೇನು?"

"ಇಲ್ರಿ, ಆನ್‌ಲೈನಿನಾಗ ಐತಿ. ಎಲ್ಲಿ ಕುಂತ್ರೂ ಇಳಿಸ್ಕೋಬಹುದು."

"ಹಂಗಾದ್ರ ಇಷ್ಟು ದೂರ ಯಾಕ ಬಂದ್ರಿ?"

ಆತ ಸಹಜ ಕೇಳಿದ್ದ, ನನಗ ನೆತ್ತಿಗೇರಿತು. "ಅದನ್ನ ಕೇಳಾಕ ಬಂದೀನ್ರಿ" ಅಂದೆ. ಆತಗ ಏನು ತಿಳೀತೋ, ಠಪ್ಪಂತ ಮುದ್ರಿ ಒತ್ತಿ ಕಳಿಸಿದ.

ಹೊರಗ ಬಂದ್ರ ಮಳಿ. ನಮ್ಮ ಕಡೆ ಮಳಿ ಅಂದ್ರ ಬರ್ತೈತಿ, ಗುಡುಗ್ತೈತಿ, ಜಗಳ ಮಾಡಿ ಹೋಗ್ತೈತಿ. ಅಲ್ಲಿ ಮಳಿ ಬರೂದೂ ಇಲ್ಲ, ಹೋಗೂದೂ ಇಲ್ಲ, ಸುಮ್ನ ಇರ್ತೈತಿ. ನಾರಾಯಣಪೇಟದಾಗ ತಗೊಂಡ ಛತ್ರಿ ಬಿಚ್ಚಿದ ಕೂಡ್ಲೆ ಗಾಳಿಗೆ ತಿರುವಿ ಬಟ್ಟಲಾತು. ಅಲ್ಲಿಯವ್ರು ಯಾರೂ ಛತ್ರಿನ ಹಿಡಿಯಂಗಿಲ್ಲ. ಟೊಪ್ಪಿ ಹಾಕ್ಕೊಂಡು, ಏನೂ ಆಗಿಲ್ಲ ಅನ್ನೂವಂಗ ತೊಯ್ಸಿಕೊಂತ ಹೋಗ್ತಾರ.

ಟ್ರಾಮ್ ಹತ್ತಿ ಕುಂತೆ. ಬಾಜೂ ಸೀಟು ಖಾಲಿ ಇತ್ತು. ಮುಂದಿನ ನಿಲ್ದಾಣದಾಗ ಮಂದಿ ಹತ್ತಿದ್ರು, ನಿಂತ್ರು. ಅದರ ಮುಂದಿನ ನಿಲ್ದಾಣದಾಗ ಮತ್ತಷ್ಟು ಮಂದಿ ಹತ್ತಿದ್ರು, ನಿಂತ್ರು. ನನ್ನ ಬಾಜೂ ಒಬ್ಬರೂ ಕೂಡ್ರವಲ್ರು! ನನ್ನ ಸೀರಿ ನೋಡಿದೆ, ಚಪ್ಪಲ್ ನೋಡಿದೆ, ಮೂಸಿನೂ ನೋಡಿಕೊಂಡೆ. ಏನು ಹತ್ತೈತಿ ನನಗ? ನಮ್ಮ ರಾಯಚೂರು ಬಸ್ಸಿನಾಗ ಕಿಟಕ್ಯಾಗಿಂದ ಟಾವೆಲ್ ಒಗದು ಸೀಟು ಹಿಡೀತಾರ, ಇಬ್ಬರ ಸೀಟಿಗೆ ಮೂವರು ಕುಂತು ನಾಕನೇದವರಿಗೆ "ಬರ್ರಿ, ಸ್ವಲ್ಪ ಸರೀರಿ" ಅಂತಾರ. ಇಳಿಯೂತನಕ ಹಲ್ಲು ಕಚ್ಚಿಕೊಂಡು ಕುಂತೆ. ಆಮ್ಯಾಲ ಗೊತ್ತಾತು, ಅವರು ಒಬ್ಬರ ಬಾಜೂ ಒಬ್ಬರು ಯಾರೂ ಕೂಡ್ರಂಗಿಲ್ಲಂತ. ಇನ್ನೊಬ್ಬರಿಗೆ ತ್ರಾಸ ಕೊಡಬಾರದು ಅನ್ನೂದು ಅವರ ಮರ್ಯಾದಿ. ಹಂಗಾದ್ರೂ ನನ್ನ ಸಿಟ್ಟು ಪೂರಾ ಇಳೀಲಿಲ್ಲ, ಇಂತಾ ಮರ್ಯಾದಿ ಏನು ಸುಡಬೇಕು?

ಅತಿಥಿಗೃಹದ ಅಡಗಿ ಮನಿ

ನಮ್ಮನ್ನ ಇಳಿಸಿದ ಅತಿಥಿಗೃಹದಾಗ ಎಲ್ಲಾರಿಗೂ ಕೂಡಿ ಒಂದ ಅಡಗಿ ಮನಿ. ಮಧ್ಯಾಹ್ನ ಊಟಕ್ಕ ಕಂದು ಬಣ್ಣದ ಚೀಸು ಕೊಟ್ಟಿದ್ರು, ಸಿಹಿ ಖೋವಾದಾಗ ಯಾರೋ ಉಪ್ಪು ಸುರುವಿದಂಗ. ಅದನ್ನ ತಿಂದು ಬಾಯಿ ಸೊಟ್ಟ ಆಗಿತ್ತು. ಸಂಜಿಮುಂದ ರವಾ ತಗದು ಉಪ್ಪಿಟ್ಟು ಮಾಡೋಣಂತ ಎಣ್ಣಿ ಕಾಸಿ, ಸಾಸಿವಿ, ಕರಿಬೇವು, ಒಣಮೆಣಸಿನಕಾಯಿ ಹಾಕಿದೆ. ಒಗ್ಗರಣಿ ಚಟಪಟ ಅಂದದ್ದ ತಡ, ಮ್ಯಾಲಿನ ಛತ್ತಿನಾಗ ಏನೋ ಕಿರ್ರೋ ಅಂತ ಒದರಾಕ ಹತ್ತಿತು. ಇಡೀ ಕಟ್ಟಡ ಒದರಾಕ ಹತ್ತಿತು. ಮಂದಿ ಸಾಲಾಗಿ ಇಳದು ಮಳ್ಯಾಗ ಹೋಗಿ ನಿಂತ್ರು. ಬೆಂಕಿ ಆರಿಸೂ ಗಾಡಿ ಬಂತು.

ನಾ ಅಂತೂ ಭೂಮಿ ಬಾಯಿ ಬಿಡಬಾರದೇನು ಅಂತ ಸಟ್ಟುಗ ಹಿಡಕೊಂಡು ನಿಂತಿದ್ದೆ. ನಮ್ಮ ಕಡೆ ಆಗಿದ್ರ ಇಷ್ಟೊತ್ತಿಗೆ ನಾಕು ಮಂದಿ ಬೈದು, ಇಬ್ಬರು ನಕ್ಕು, ಒಬ್ಬರು ಒಗ್ಗರಣಿ ಹೆಂಗ ಹಾಕಬೇಕು ಅಂತ ಹೇಳಿಕೊಟ್ಟು ಮುಗೀತಿತ್ತು. ಅವರು ಯಾರೂ ಏನೂ ಅನ್ನಲಿಲ್ಲ. ಗಾಡಿಯಾತ ಒಳಗ ಹೋಗಿ ನೋಡಿ ಬಂದು, "ವಾಸನಿ ಛಲೋ ಐತಿ. ಮುಂದಿನ ಸಲ ಕಿಟಕಿ ತಗೀರಿ" ಅಂದು ಹೋದ.

ನನ್ನ ಬಾಜೂ ನೆರತ ಕೂದಲದ ಒಬ್ಬ ಹೆಣ್ಮಗಳು ತೊಯ್ಸಿಕೊಂತ ನಿಂತಿದ್ರು. "ನಿನ್ನ ಹೆಸರು ಗಿರಿಜಾ ಅಲ್ಲೇನು? ನಿನ್ನ ಮೇಲ್ ನಾ ಎಲ್ಲಾ ಓದೀನಿ. ಕಾಗದದಾಗೂ ಹಿಂಗ ಅಲಾರಾಮ್ ಹೊಡಕೋತೀ" ಅಂದ್ರು. ಇವರ ಇಂಗ್ರಿಡ್. ಡೇಟಾಬೇಸ್ ನೋಡಿಕೊಳ್ಳೋರು ಇವರು. ಯಾರು ಏನು ಇಟ್ಟಾರ, ಯಾವುದು ಓಡ್ತೈತಿ, ಯಾವುದು ಓಡಂಗಿಲ್ಲ, ಎಲ್ಲಾ ಇವರ ಕೈಯಾಗ. ಒಳಗ ಬಂದು ಉಪ್ಪಿಟ್ಟು ಮಾಡಿ ಮುಗಿಸಿ ಹಾಕಿಕೊಟ್ಟೆ, ಖಾರಕ್ಕ ಕಣ್ಣು ಮೂಗು ಒರಸ್ಕೊಂತ ಪೂರಾ ತಿಂದ್ರು. ನನ್ನ ಕಥಿನೂ ಪೂರಾ ಹೇಳಿದೆ, ಮುದ್ದತ್ತು, ಸಹಿ, ಗೈಡ್ ಸಾಹೇಬ್ರು, ಎಲ್ಲಾ.

"ಮಾರ್ಟಿನ್ ಬಂದಾನ" ಅಂದ್ರು ಇಂಗ್ರಿಡ್. "ನಾಳೆ ಅವನ ಮಾಡಲ್ಲನ್ನ ನೀನ ಓಡಿಸು. ಎಲ್ಲಾರ ಮುಂದ."

ಇಷ್ಟು ದಿನ ಬೈದ ಮನಿಷ್ಯಾ ಅದ ಕಟ್ಟಡದಾಗ ಇದ್ದ. ಮಳ್ಯಾಗ ನನ್ನ ಒಗ್ಗರಣಿ ಸಲುವಾಗಿ ತೊಯ್ಸಿಕೊಂಡವರಾಗ ಅವರೂ ಒಬ್ಬರು.

ಕೈ ತೊಡಿ ಕೆಳಗ

ಅವರ ಪೈಕಿ ಒಂದು ಪದ್ಧತಿ ಐತಿ, ನನಗ ಭಾಳ ಸೇರಿತು. ಮೀಟಿಂಗ್ ಹಾಲಿನ ನಡಕ ಒಂದು ಹೊಸಾ ಲ್ಯಾಪ್‌ಟಾಪ್ ಇಡ್ತಾರ. ಅದರಾಗ ಮಾಡಲ್ ಓಡಿಸೂ ಪ್ರೋಗ್ರಾಂ ಬಿಟ್ರ ಬ್ಯಾರೆ ಏನೂ ಇರಂಗಿಲ್ಲ. ಮಾಡಲ್ಲನ್ನ ಎಲ್ಲಾರ ಕಣ್ಣೆದುರಿಗೆ ಡೇಟಾಬೇಸಿನಿಂದ ಇಳಿಸ್ತಾರ. ಓಡಿಸೋರು ಪರಕೀಯರು. ಮಾಡಿದವರು ಬಾಜೂ ಕುರ್ಚಿ ಮ್ಯಾಲ, ಎರಡೂ ಕೈ ತಮ್ಮ ತೊಡಿ ಕೆಳಗ ಇಟ್ಕೊಂಡು ಕೂಡ್ರಬೇಕು. ಕೀಬೋರ್ಡ್ ಮುಟ್ಟಂಗಿಲ್ಲ, ಕೇಳೂತನಕ ಬಾಯಿ ಬಿಡಂಗಿಲ್ಲ. ಯಾಕ ಅಂದ್ರ, ಮಾಡಿದವರು ಕುಂತಲ್ಲಿ ಕುಂತು ಇಲ್ಲೊಂದು ಒತ್ತಿ ಅಲ್ಲೊಂದು ತಿದ್ದಿ ಓಡಿಸಿಬಿಡ್ತಾರ. ಹಂಗ ತಿದ್ದಿದ್ದು ಅವರಿಗೇ ನೆನಪಿರಂಗಿಲ್ಲ.

ಮಾರ್ಟಿನ್ ಬಂದ್ರು. ಇಷ್ಟು ವರ್ಷ ನನ್ನ ತಲ್ಯಾಗ ಅವರು ರಾಕ್ಷಸ ಆಗಿದ್ರು, ಮೀಸಿ ಗೀಸಿ ಇಟ್ಕೊಂಡು. ನೋಡಿದ್ರ ಕಾಲುಚೀಲದ ಮ್ಯಾಲ ಸ್ಯಾಂಡಲ್ ಹಾಕ್ಕೊಂಡ ದುಂಡನ್ನ ನಗಮುಖದ ಮನಿಷ್ಯಾ. "ಉಪ್ಪಿಟ್ಟಿನಾಕಿ ನೀನಲ್ಲೇನು?" ಅಂತ ನಕ್ಕು ಕೈ ಕೊಟ್ರು. ಬೈಬೇಕಂತ ಬಾಯಿಗೆ ಬಂದದ್ದು ನುಂಗಿದೆ. ಎದುರಿಗೆ ಬಂದ ಕೂಡ್ಲೆ ಬಾಯಿಂದ "ನಮಸ್ಕಾರ ಸರ್" ಅಂತ ಬಂತು ನೋಡ್ರಿ! ಅವರು "ಸರ್ ಬ್ಯಾಡ, ಮಾರ್ಟಿನ್ ಅನ್ನು" ಅಂದ್ರು. ಛಲೋ ಮನಿಷ್ಯಾ ಅಂತ ಗೊತ್ತಾದ ಮ್ಯಾಲ ನನ್ನ ಸಿಟ್ಟು ಇನ್ನಷ್ಟು ಹೆಚ್ಚಾತು. ಇಷ್ಟು ಛಲೋ ಇದ್ದೋರು ಒಂದು ಮೇಲಿಗೆ ನೆಟ್ಟಗ ಜವಾಬು ಕೊಡಾಕ ಏನಾಗಿತ್ತು?

ಓಡಿಸಿದೆ. ಪರದಿ ಮ್ಯಾಲ ನರಕೋಶಗಳು ಎರಡು ಸಲ ತೂಕಡಿಸಿ ಮಲಕ್ಕೊಂಡ್ವು. ನಾರಾಯಣಪೇಟದಾಗ ಮಲಕ್ಕೊಂಡಂಗ, ಬರೋಬ್ಬರಿ.

"ಮತ್ತೊಮ್ಮೆ" ಅಂದ್ರು ಮಾರ್ಟಿನ್. ಮತ್ತೊಮ್ಮೆ ಓಡಿಸಿದೆ. ಅದ ತೂಕಡಿಕಿ. ಅವರ ಬಲಗೈ ತೊಡಿ ಕೆಳಗಿಂದ ಹೊರಗ ಬಂತು.

"ಕೈ" ಅಂದ್ರು ಇಂಗ್ರಿಡ್. ಕೈ ಒಳಗ ಹೋತು. ಹಾಲಿನಾಗ ನಕ್ಕರು.

"ನನ್ನ ಲ್ಯಾಪ್‌ಟಾಪಿನಾಗ ಓಡ್ತೈತಿ, ತೋರಸ್ತೀನಿ" ಅಂತ ಅವರು ತಮ್ಮದನ್ನ ತಗದು ಅದ ಮಾಡಲ್ಲನ್ನ ಡೇಟಾಬೇಸಿನಿಂದ ಇಳಿಸಿ ಓಡಿಸಿದ್ರು. ಬಂತು! ಪೇಪರಿನಾಗಿನ ಚಿತ್ರ, ಹೂಬೇಹೂಬ್. ಎಲ್ಲಾ ನರಕೋಶ ಕೂಡಿ ತಾಳ ಹಾಕಾಕತ್ತಿದ್ವು. ಹಿಂದ ಯಾರೋ ಚಪ್ಪಾಳಿನೂ ಹೊಡದ್ರು. ಮಾರ್ಟಿನ್ ನನ್ನ ಕಡೆ ನೋಡಿದ ನೋಟ ಇವತ್ತೂ ಮರ್ತಿಲ್ಲ. ಬೈದಿದ್ರ ತಡಕೊಂತಿದ್ದೆ. ಅವರು ಮರುಗಿದ್ರು. "ಆಕ್ಕೈತಿ, ಹೊಸದಾಗಿ ಕಲಿಯೂವಾಗ ಹಿಂಗ ಆಕ್ಕೈತಿ" ಅಂದ್ರು. ನನಗ ಅಳು ಬಂತು, ಖರೆ ಹೇಳ್ತೀನಿ. ಗೈಡ್ ಸಾಹೇಬ್ರು ಅಂದದ್ದ ಖರೆ ಆತೇನು, ನಾನ ಎಲ್ಲೋ ತಪ್ಪು ಮಾಡೀನೇನು ಅಂತ ಅನಿಸಿತು.

ಇಂಗ್ರಿಡ್ ಸುಮ್ನ ಎರಡೂ ಲ್ಯಾಪ್‌ಟಾಪ್ ಬಾಜೂ ಬಾಜೂ ಇಟ್ರು. "ಅಳೂದು ಆಮ್ಯಾಲ. ಮೊದಲು ನೋಡು" ಅಂದ್ರು.

ನೋಡಿದೆ. ಅವರ ಪರದಿ ಮ್ಯಾಲಿನ ಒಂದೊಂದು ಬಡಿತ ಸಣ್ಣ, ಚುರುಕು. ನನ್ನವು ಅಗಲ, ಜಡ. ಬಿಸಿಲಿಗೆ ಬಂದ ಹಲ್ಲಿ ಓಡಾಡೂದಕ್ಕೂ ಥಂಡ್ಯಾಗ ಸೆಟೆದ ಹಲ್ಲಿಗೂ ಇರೂ ಅಂತರ. ಫಿಸಿಕ್ಸ್ ಹೇಳಾಕಿ ನಾನು, ಅಷ್ಟೊತ್ತಿಗೆ ತಲಿ ಓಡಿತು.

"ಸರ್, ನಿಮ್ಮ ನರಕೋಶ ಎಷ್ಟು ಬೆಚ್ಚಗ ಅದಾವ್ರಿ?"

"ಮೈಯಾಗ ಇದ್ದಷ್ಟ. ಮೂವತ್ತಾರು ಡಿಗ್ರಿ. ಎಲ್ಲಾರಿಗೂ ಗೊತ್ತಿದ್ದದ್ದ."

"ಎಲ್ಲಿ ಬರದೀರಿ?"

ಹುಡುಕಿದ್ವಿ. ಒಂದು ಫೈಲಿನಾಗ ಮೂವತ್ತಾರು ಅಂತ ಇತ್ತು. ಅದನ್ನ ನೋಡೇ ನಾನೂ ಇಷ್ಟು ವರ್ಷ ಉಷ್ಣತೆ ಸರಿ ಐತಿ ಅಂತ ತಿಳಕೊಂಡಿದ್ದೆ, ಯಾರಿದ್ರೂ ಹಂಗ ತಿಳ್ಕೋತಾರ. ಇಂಗ್ರಿಡ್ ಬಟ್ಟಿಟ್ಟು ತೋರಿಸಿದ್ರು: ಅದು ಅಳತಿ ಹಿಡಿಯೂ ಗೆರಿ ಅಷ್ಟ, ಅಂದ್ರ ಸಮೀಕರಣದಾಗಿನ ಅಂಕಿಗಳನ್ನ ಎಷ್ಟು ಬಿಸ್ಯಾಗ ಅಳದಿದ್ರು ಅನ್ನೂದು. ಈಗ ಖರೇ ಎಷ್ಟು ಬಿಸಿ ಇಡಬೇಕು ಅನ್ನೂದನ್ನ ಬ್ಯಾರೆ ಒಂದು ಸಾಲಿನಾಗ ಹೇಳಬೇಕು. ಆ ಸಾಲು ಡೇಟಾಬೇಸಿನ ಯಾವ ಫೈಲಿನಾಗೂ ಇಲ್ಲ! ನಾವು ಹೇಳಲಿಲ್ಲಂದ್ರ ಆ ಪ್ರೋಗ್ರಾಂ ತಾನ ಒಂದು ಉಷ್ಣತೆ ಹಿಡಕೋತೈತಿ, ಆರು ಡಿಗ್ರಿ ಸುಮಾರು. ಯಾಕ ಅಂದ್ರ ಇಂತಾ ಸಮೀಕರಣನ್ನ ಮೊಟ್ಟಮೊದಲು ಕಟ್ಟಿದ್ದು ತಣ್ಣೀರಿನ ಸಮುದ್ರದಾಗ ಇರೂ ಸ್ಕ್ವಿಡ್ ಅನ್ನೂ ಪ್ರಾಣಿ ನರದ ಮ್ಯಾಲ. ಆ ಥಂಡಿ ಇನ್ನೂ ಪ್ರೋಗ್ರಾಮಿನಾಗ ಹಂಗ ಕುಂತೈತಿ.

ಮತ್ತ ಮಾರ್ಟಿನ್ ಲ್ಯಾಪ್‌ಟಾಪಿನಾಗ ಹೆಂಗ ಓಡಿತು? ಅವರು ಎಂದೋ ಒಂದು ಸಣ್ಣ ಫೈಲು ಬರದು ಮೂಲ್ಯಾಗ ಇಟ್ಟಿದ್ರು. ಪ್ರೋಗ್ರಾಂ ಶುರು ಆದಾಗೊಮ್ಮೆ ಅದು ತಾನ ಓಡಿ ಉಷ್ಣತೆ ಮೂವತ್ತಾರು ಮಾಡಿಬಿಡತಿತ್ತು. ಇಟ್ಟದ್ದನ್ನ ಅವರು ಮರತಿದ್ರು. ಹೊಸಾ ಲ್ಯಾಪ್‌ಟಾಪ್ ತಗೊಂಡಾಗೊಮ್ಮೆ ಹಳೇದರ ಜೋಡಿ ಅದೂ ನಕಲಾಗಿ ಬಂದಿತ್ತು.

ಮಕ್ತಲಿನ ಬ್ಯಾಸಗ್ಯಾಗ, ಕರೆಂಟ್ ಹೋಗಿ ಫ್ಯಾನ್ ನಿಂತು, ಬೆವರು ಕೀಬೋರ್ಡಿಗೆ ಸೋರಿಕೊಂತ, ನಾ ವರ್ಷಗಟ್ಟಲೆ ಐಸ್ ಡಬ್ಬಿಯಾಗಿನ ಮಿದುಳು ಓಡಿಸಾಕತ್ತಿದ್ದೆ.

ಆ ಒಂದು ಸಾಲು ಹಚ್ಚಿ ಓಡಿಸಿದೆ. ಚಿತ್ರ ಬಂತು. ಎಲ್ಲಾರೂ ಹೋ ಅಂದ್ರು. ಮಾರ್ಟಿನ್ ಹೊಟ್ಟಿ ಹಿಡಕೊಂಡು ನಕ್ಕು, "ಅಯ್ಯೋ, ಒಂದ ಸಾಲು! ಬರೇ ಒಂದ ಸಾಲು!" ಅಂದ್ರು. ಮಂದಿನೂ ನಕ್ಕರು. ನಾ ನಗಲಿಲ್ಲ. "ನಿಮಗ ಒಂದು ಸಾಲು ಸರ್. ನನಗ ಅದು ಇಷ್ಟು ವರ್ಷ" ಅಂದೆ. ಅವರು ಗಡಬಡಿಸಿ ಸಾರಿ ಅಂದ್ರು, ಖರೇನ ಅಂದ್ರು. ಆದ್ರ ಚಹಾಕ್ಕ ಎದ್ದಾಗ ಮತ್ತ ಅದನ್ನ ಹೇಳಿಕೊಂಡು ನಗಾಕತ್ತಿದ್ರು.

ಮರುದಿನ, ಅದ ಹಾಲ್

ಮುಂಜಾನೆ ಇಂಗ್ರಿಡ್ ಕರದ್ರು. "ಮಾರ್ಟಿನ್ ಹೊಸಾ ಫೈಲು ಕಳಿಸ್ಯಾನ. ಹಳೇದು ತಗದು ಅದರ ಜಾಗಾದಾಗ ಇದನ್ನ ಇಡ್ರಿ ಅಂತಾನ. ನೋಡು." ಟಿಪ್ಪಣಿ ಜಾಗಾದಾಗ ಎರಡ ಶಬ್ದ: ಸಣ್ಣ ತಿದ್ದುಪಡಿ.

ಒಂದು ಗಳಿಗಿ ನನಗ ತಿಳೀಲಿಲ್ಲ. ಆಮ್ಯಾಲ ತಿಳೀತು. ಹಳೇದು ಹೋತಂದ್ರ, ನಾಳೆ ಯಾರು ಇಳಿಸಿಕೊಂಡ್ರೂ ಮಾಡಲ್ ಓಡ್ತೈತಿ. ನಮ್ಮ ಗೈಡ್ ಸಾಹೇಬ್ರು ಇಳಿಸಿಕೊಂಡ್ರೂ ಓಡ್ತೈತಿ! "ನೋಡಮ್ಮಾ, ಮೊದಲಿಂದ ಬರೋಬ್ಬರಿ ಅದ, ನಿಂದ ತಪ್ಪು ಇತ್ತು" ಅಂತಾರ. ಓಡವಲ್ದು ಅಂತ ನಾ ಥೀಸಿಸ್ಸಿನಾಗ ಬರದದ್ದು ಸುಳ್ಳಾಗ್ತೈತಿ. ಇಷ್ಟು ದೂರ ಬಂದು ತಪ್ಪು ಹುಡುಕಿ ಕೊಟ್ಟು, ಸುಳ್ಳಬುರುಕಿ ಅನಿಸಿಕೊಂಡು ಊರಿಗೆ ಹೋಗಬೇಕಾಗ್ತೈತಿ.

ಮಂದಿ ಕೂಡಿದ ಕೂಡ್ಲೆ ಎದ್ದು ನಿಂತೆ. "ಹಳೇ ಫೈಲು ತಗೀಬಾರದು. ಹಳೇದೂ ಇರಲಿ, ಹೊಸಾದೂ ಇರಲಿ. ನಡಕ ಏನಾತು ಅಂತ ಎಲ್ಲಾರಿಗೂ ಕಾಣೂವಂಗ ಬರೀರಿ."

ಮಾರ್ಟಿನ್ ಮುಖದ ನಗು ಸ್ವಲ್ಪ ಬಾಡಿತು. "ಕೆಟ್ಟಿದ್ದನ್ನ ಇಟ್ಕೊಂಡು ಯಾರಿಗೆ ಉಪಯೋಗ ಗಿರಿಜಾ? ಮುಂದಿನ ಪೇಪರಿನಾಗ ನಿನಗ ಧನ್ಯವಾದ ಹೇಳ್ತೀನಿ, ಹೆಸರು ಹಾಕಿ."

"ಧನ್ಯವಾದ ತಗೊಂಡು ನಾ ಏನು ಉಪ್ಪಿನಕಾಯಿ ಹಾಕ್ಲಿ? ನಾ ಸುಳ್ಳು ಹೇಳಿದ್ದಿಲ್ಲ ಅಂತ ಕಾಣಬೇಕು ನನಗ."

"ಯಾರೂ ನಿನಗ ಸುಳ್ಳಬುರುಕಿ ಅಂದಿಲ್ಲ."

"ಅಂದಾರ. ನೀವೂ ಅಂದೀರಿ. ನಮ್ಮಲ್ಲಿ ಓಡ್ತೈತಿ, ನಿಮ್ಮ ಕಂಪ್ಯೂಟರ್ ನೋಡ್ಕೋರಿ ಅಂದ್ರ ಮತ್ತೇನು?"

ಆ ಮಂದಿಗೆ ಜಗಳ ಅಂದ್ರ ಜ್ವರ ಬರ್ತೈತಿ. ಎಲ್ಲಾರೂ ತಮ್ಮ ತಮ್ಮ ಕಾಫಿ ಕಪ್ಪಿನ ತಳ ನೋಡಾಕ ಹತ್ತಿದ್ರು. ನಾ ಕೂಡ್ರಲಿಲ್ಲ. ಕುಂತಿದ್ರ ಆ ಮಾತು ಅಲ್ಲೇ ಮುಗೀತಿತ್ತು.

ಅಷ್ಟರಾಗ ಹಿಂದಿನ ಸಾಲಿನಾಗ ಒಬ್ಬ ಹೆಣ್ಮಗಳು, ಅಲ್ಲೀತನಕ ಒಂದು ಮಾತೂ ಆಡದಾಕಿ, ಸಣ್ಣ ದನ್ಯಾಗ ಅಂದಳು: "ನಾನೂ ಆ ಮಾಡಲ್ ಇಳಿಸಿದ್ದೆ. ಓಡಲಿಲ್ಲ. ನಂದ ತಪ್ಪು ಅಂತ ತಿಳಕೊಂಡು ಆ ವಿಷಯಾನ ಬಿಟ್ಟುಬಿಟ್ಟೆ."

ಬಾಗಿಲ ಹತ್ರ ಕುಂತ ಗಡ್ಡದಾತ ತಲಿ ಎತ್ತಿದ. "ನಾನೂ" ಅಂದ. "ನಾ ಮೇಲ್ ಸುದ್ದಾ ಬರೀಲಿಲ್ಲ. ನಾಚಿಕಿ ಆಗಿತ್ತು."

ಇಷ್ಟು ಮಂದಿ! ಒಬ್ಬೊಬ್ಬರೂ ತಮ್ಮ ತಮ್ಮ ಮೂಲ್ಯಾಗ ಕುಂತು, ತಮ್ಮ ತಲಿನ ಸರಿ ಇಲ್ಲಂತ ತಿಳಕೊಂಡು, ಬಾಯಿ ಮುಚ್ಚಿಕೊಂಡು ಹೋಗಿದ್ರು. ಕೇಳಿ ನನ್ನ ಸಿಟ್ಟಿಗೆ ಸಂಕಟನೂ ಕೂಡಿತು.

ಮಾರ್ಟಿನ್ ಅವರಿಬ್ಬರ ಕಡೆ ನೋಡಿದ್ರು. ಎದ್ದು ಬಂದು, ಇಂಗ್ರಿಡ್ ಕಡೆಯಿಂದ ಕೀಬೋರ್ಡ್ ಇಸಕೊಂಡು, ಎಲ್ಲಾರ ಮುಂದ ಪರದಿ ಮ್ಯಾಲ ಕಾಣೂವಂಗ ಟೈಪ್ ಮಾಡಿದ್ರು. ಈ ಮಾಡಲ್ ಇಲ್ಲಿ ಇಟ್ಟಂದಿನಿಂದ ಇಟ್ಟಂಗ ಓಡುತ್ತಿರಲಿಲ್ಲ. ಉಷ್ಣತೆಯ ಸಾಲನ್ನು ನಾನು ಕೊಟ್ಟಿರಲಿಲ್ಲ. ಓಡುವುದಿಲ್ಲ ಎಂದು ಹೇಳಿದವರ ಮಾತು ಸರಿಯಾಗಿತ್ತು. ತೋರಿಸಿಕೊಟ್ಟವರು ನಾರಾಯಣಪೇಟೆಯ ಗಿರಿಜಾ. ಹಳೆಯ ಫೈಲು ಇದರ ಕೆಳಗೇ ಇದೆ.

"ಸಾಕೇನು?" ಅಂತ ನನ್ನ ಕಡೆ ತಿರುಗಿ ಕೇಳಿದ್ರು. ಅವರ ಕಿವಿ ಕೆಂಪಗಾಗಿದ್ವು. ಸಾಕು ಸರ್ ಅಂದೆ. ದೊಡ್ಡ ಕೆಲಸ ಮಾಡಿದ್ರು, ಅದನ್ನ ಒಪ್ಪತೀನಿ. ಕೂಡ್ರೂವಾಗ ನೋಡಿದ್ರ ಇಂಗ್ರಿಡ್ ಕಣ್ಣು ಒರಸ್ಕೊಳ್ಳಾಕತ್ತಿದ್ರು. ಈ ಸಲ ಮೆಣಸಿನಕಾಯಿ ಇದ್ದಿದ್ದಿಲ್ಲ.

ಬಂದರದ ಕಟ್ಟಿ

ಮಧ್ಯಾಹ್ನ ಊಟ ಮುಗಿಸಿ ಬಂದರದ ಕಡೆ ನಡದೆ. ಮಳಿ ನಿಂತು ಬಿಸಿಲು ಬಿದ್ದಿತ್ತು. ಊರ ಮಂದಿಯೆಲ್ಲಾ ಕಚೇರಿ ಬಿಟ್ಟು ಬಂದವರಂಗ ಕಟ್ಟಿ ಮ್ಯಾಲ ಸಾಲಾಗಿ ಕುಂತು, ಕಣ್ಣು ಮುಚ್ಚಿ, ಮಾರಿ ಸೂರ್ಯಾಗ ಒಡ್ಡಿದ್ರು. ನಮ್ಮಲ್ಲಿ ನೆರಳಿಗೆ ಹಿಂಗ ಸಾಲು ಕೂಡ್ರತಾರ. ಅವರ ನಡಕ ನಾನೂ ಕುಂತೆ, ಬೇಕಂತ ಒಬ್ಬ ಅಜ್ಜಿ ಬಾಜೂ ಒತ್ತಿ ಕುಂತೆ. ಅಜ್ಜಿ ಕಣ್ಣು ತಗದು ನೋಡಿ, ಸ್ವಲ್ಪ ಸರದು, ಮತ್ತ ಕಣ್ಣು ಮುಚ್ಚಿದಳು. ಗದ್ವಾಲಕ್ಕ ಫೋನ್ ಹಚ್ಚಿದೆ.

"ಸರ್, ಡೇಟಾಬೇಸ್ ತಗದು ನೋಡ್ರಿ, ಮಾರ್ಟಿನ್ ಸಾಹೇಬ್ರ ಮಾಡಲ್ ಪುಟ" ಅಂದೆ. ಆ ಕಡೆ ಕನ್ನಡಕ ಹುಡುಕೂ ಸಪ್ಪಳ, ಕಂಪ್ಯೂಟರ್ ಶುರುವಾಗೂ ಸಪ್ಪಳ. ಓದಾಕ ಭಾಳ ಹೊತ್ತು ತಗೊಂಡ್ರು.

"ಓದಿದೆ ಅಮ್ಮಾ" ಅಂದ್ರು. ದನಿ ಅರಳಿತ್ತು. "ನೋಡು, ಎಂಥಾ ದೊಡ್ಡ ಮನುಷ್ಯ! ತಾವಾಗಿ ಒಪ್ಪಿಕೊಂಡಾರ. ಇನ್ನೇನದ? ಬಂದ ಕೂಡಲೇ ಥೀಸಿಸ್ ತಗೊಂಡು ಬಾ, ಸಹಿ ಹಾಕಿಬಿಡ್ತೀನಿ."

ಈ ಮಾತಿಗೆ ನಾ ಕುಣೀಬೇಕಾಗಿತ್ತು. ಎಷ್ಟು ವರ್ಷದಿಂದ ಕಾದ ಮಾತದು. ಕುಣಿಯಾಕ ಕಾಲ ಬರಲಿಲ್ಲ.

"ಸರ್, ಇದ ಮಾತು ನಾ ನಿಮ್ಮ ಪಡಸಾಲ್ಯಾಗ ಕುಂತು ಎಷ್ಟು ಸಲ ಹೇಳಿದ್ದೆ ಅಲ್ರಿ?"

"ಹೇಳಿದ್ದಿ. ಇಲ್ಲ ಅನ್ನೂದಿಲ್ಲ" ಅಂದ್ರು. ನಕ್ಕರು, ಪ್ರೀತಿಲೇನ ನಕ್ಕರು. "ಆದ್ರ ಅಮ್ಮಾ, ಆವಾಗ ಹೇಳಿದಾಕಿ ಬರೇ ನೀನೊಬ್ಬಾಕಿ ಇದ್ದಿ, ಅಲ್ಲೇನು?"

ಸಹಿ ಇನ್ನೂ ಬಿದ್ದಿದ್ದಿಲ್ಲ, ಅದಕ್ಕ "ಹೌದ್ರಿ ಸರ್" ಅಂದೆ. ಈಗ ಬಿದ್ದೈತಿ, ಅದಕ್ಕ ಇದನ್ನ ಬರದೀನಿ.